ಹಳೇ ಆಧಾರ ಹರಿಯದ ಫೈಲ್ ಸಿಸ್ಟಮ್

ಕಳೆದ ಸಂಚಿಕೆಯಲ್ಲಿ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುದು ಹೇಗೆ ಅಂತ ಒಬ್ಬರಿಗೆ ಉತ್ತರ ಬರೆಯುವಾಗ, ಡಿಸ್ಕ್ ಫಾರ್ಮ್ಯಾಟ್ ಮಾಡುವಲ್ಲಿ ಮಾಮೂಲಿ ಎಕ್ಸ್‌ಟಿ4 ಫೈಲ್ ಸಿಸ್ಟಮ್ (ಅಂದ್ರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿ ಲೆಕ್ಕ ಇಡುವ ಪದ್ಧತಿ) ಬದಲು ಬಿಟಿಆರ್‌ಎಫ್‌ಎಸ್ ಕೂಡ ಹಾಕ್ಬಹುದು ಅಂತ ಒಂದೇ ಒಂದು ಸಾಲು ಸೇರಿಸಿದ್ದೆ, ಅದೂ ಜಾಗ ತುಂಬಿಸ್ಲಿಕ್ಕೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರ್ತದೆ ಅಂತ ಗೊತ್ತಿದ್ದಿದ್ರೆ ಬರೀತಿರ್ಲಿಲ್ಲವೋ ಏನೋ. ಈ ಸಲ ಅಂಕಣ ಪೂರ್ತಿ ಅದಕ್ಕೇ ಹೋಯ್ತು, ಪ್ರಿಂಟರ್ ಪ್ರಶ್ನೆ ಕೇಳಿದವರು ಮುಂದಿನ ಸಲದವರೆಗೆ ತಡ್ಕೊಳ್ಳಿ.

ಪ್ರಶ್ನೆ: ಅಣ್ಣಾ, ನನ್ನದು ಸಣ್ಣ ಫೋಟೋ ಸ್ಟುಡಿಯೋ. ಮೊನ್ನೆ ಒಂದು ಮದುವೆ ವಿಡಿಯೋ ಎಡಿಟ್ ಮಾಡ್ತಾ ಇರುವಾಗ ಸಾಯಂಕಾಲದ ಗುಡುಗು ಶುರುವಾಗಿ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಗಿತ್ತು, ಅದು ನನ್ನದೇ ತಪ್ಪು. ಪುನಃ ಆನ್ ಮಾಡಿ ನೋಡಿದ್ರೆ ಪ್ರಾಜೆಕ್ಟ್ ಫೈಲಿನ ಹೆಸರು ಉಂಟು, ಸೈಜ್ ಮಾತ್ರ ಸೊನ್ನೆ. ಎಕ್ಸ್‌ಟಿ4 ಇದ್ದದ್ದು. ನೀವು ಹೇಳಿದ ಆ ಇನ್ನೊಂದನ್ನು ಹಾಕಿದ್ರೆ ಇದು ತಪ್ತಿತ್ತಾ? ಮತ್ತೆ ಅದರ ಹೆಸರು ಓದುದು ಹೇಗೆ ಮಾರಾಯ್ರೆ? (ಉಪ್ಪಳದಿಂದ)

ಉತ್ತರ: ಹೆಸರಿನದ್ದು ಮೊದಲು ಮುಗಿಸ್ತೇನೆ. ಬಟರ್ ಎಫ್‌ಎಸ್ ಅಂತಾರೆ, ಬೆಟರ್ ಎಫ್‌ಎಸ್ ಅಂತಾರೆ, ಬೀ ಟ್ರೀ ಎಫ್‌ಎಸ್ ಅಂತಾರೆ, ಯಾವುದು ಹೇಳಿದ್ರೂ ಯಾರೂ ಜಗಳಕ್ಕೆ ಬರುದಿಲ್ಲ. ನಾನು ಬಾಯಲ್ಲಿ ಬಟರ್ ಅಂತಲೇ ಹೇಳುದು.

ಈಗ ವಿಷಯ. ಮಾಮೂಲಿ ಫೈಲ್ ಸಿಸ್ಟಮಲ್ಲಿ ನೀವು ಒಂದು ಫೈಲಿನ ನಡುವಿನ ಒಂದು ತುಂಡನ್ನು ಬದಲು ಮಾಡಿದ್ರೆ, ಡಿಸ್ಕಿನಲ್ಲಿ ಆ ತುಂಡು ಇದ್ದ ಜಾಗದಲ್ಲೇ, ಹಳೆದರ ಮೇಲೇ, ಹೊಸದನ್ನು ಬರೀತದೆ. ಬರೆಯುವಾಗ ಅರ್ಧದಲ್ಲಿ ಕರೆಂಟ್ ಹೋದ್ರೆ ಹಳೆದೂ ಇಲ್ಲ, ಹೊಸದೂ ಇಲ್ಲ. ಇದಕ್ಕೆ ಮದ್ದು ಅಂತ ಜರ್ನಲ್ ಇಟ್ಟಿದ್ದಾರೆ, ಅಂದ್ರೆ ಎಂತ ಮಾಡ್ಲಿಕ್ಕೆ ಹೊರಟಿದ್ದೇನೆ ಅಂತ ಮೊದಲು ಒಂದು ಚೀಟಿಯಲ್ಲಿ ಬರ್ಕೊಂಡು ಆಮೇಲೆ ಕೆಲಸ ಮಾಡುದು, ಆದ್ರೆ ಎಕ್ಸ್‌ಟಿ4ರ ಮಾಮೂಲಿ ಸೆಟ್ಟಿಂಗಿನಲ್ಲಿ ಆ ಚೀಟಿಯಲ್ಲಿ ಬರುದು ಫೈಲಿನ ಹೆಸರು, ಸೈಜ್, ಜಾಗ ಇಂಥ ಲೆಕ್ಕ ಮಾತ್ರ, ಒಳಗಿನ ಸರಕು ಬರುದಿಲ್ಲ. ಸರಕನ್ನು ಸ್ವಲ್ಪ ಹೊತ್ತು ಮೆಮರಿಯಲ್ಲೇ ಇಟ್ಕೊಂಡು ಆಮೇಲೆ ಬರೆಯುವ ಅಭ್ಯಾಸವೂ ಅದಕ್ಕುಂಟು. ನಿಮ್ಮ ಸೊನ್ನೆ ಸೈಜಿನ ಫೈಲ್ ಬಹುಶಃ ಆ ಗ್ಯಾಪಿನಲ್ಲಿ ಸಿಕ್ಕಿಬಿದ್ದದ್ದು.

ಬಿಟಿಆರ್‌ಎಫ್‌ಎಸ್‌ನ ಪದ್ಧತಿ ಬೇರೆ, ಅದಕ್ಕೆ ಕಾಪಿ ಆನ್ ರೈಟ್ ಅಂತ ಹೆಸರು. ಅದು ಎಂತ ಅಂತ ಕಾಸರಗೋಡಿನವರಿಗೆ ಹೇಳುದು ಸುಲಭ, ಯಾಕಂದ್ರೆ ನಾವೆಲ್ಲ ಸಬ್ ರಿಜಿಸ್ಟ್ರಾರ್ ಆಫೀಸಿನ ವರಾಂಡದಲ್ಲಿ ಕೂತವರೇ. ನೀವೊಂದು ಜಾಗ ತೆಕ್ಕೊಂಡ್ರಿ ಅನ್ನಿ. ಹಳೇ ಆಧಾರ, ಅಂದ್ರೆ ಜಾಗದ ಕ್ರಯಪತ್ರ, ತಂದು ಅದರಲ್ಲಿ ಹಳಬರ ಹೆಸರಿಗೆ ಗೀಟು ಹಾಕಿ ನಿಮ್ಮ ಹೆಸರು ಬರೀತಾರಾ? ಇಲ್ಲ. ಬೇರೆ ಕಾಗದದಲ್ಲಿ ಹೊಸ ಆಧಾರ ಬರೀತಾರೆ, ಹಳೆದು ಮುನ್ನಾಧಾರ ಅಂತ ಹಾಗೇ ಇರ್ತದೆ. ಎಲ್ಲಾ ಸರಿಯಾದ ಮೇಲೆ ಕೊನೆಗೆ ವಿಲೇಜ್ ಆಫೀಸಲ್ಲಿ ಪೋಕುವರವು, ಅಂದ್ರೆ ಖಾತೆ ಬದಲಾವಣೆ, ಮಾಡ್ತಾರೆ, ಆಮೇಲಿಂದ ತೆರಿಗೆ ರಶೀದಿ ನಿಮ್ಮ ಹೆಸರಿಗೆ. ಹೊಸ ಆಧಾರ ಬರೆಯುವಾಗ ಅರ್ಧದಲ್ಲಿ ಶಾಯಿ ಚೆಲ್ಲಿದ್ರೆ ಎಂತ ಆಗ್ತದೆ? ಎಂತದೂ ಆಗುದಿಲ್ಲ, ಆ ಕಾಗದ ಬಿಸಾಡುದು, ಹಳೆದು ಪೆಟ್ಟಿಗೆಯಲ್ಲಿ ಭದ್ರ ಉಂಟು.

ಬಿಟಿಆರ್‌ಎಫ್‌ಎಸ್ ಮಾಡುದು ಇದನ್ನೇ. ಬದಲಾದ ತುಂಡನ್ನು ಡಿಸ್ಕಿನಲ್ಲಿ ಖಾಲಿ ಇರುವ ಬೇರೆ ಜಾಗದಲ್ಲಿ ಬರೀತದೆ. ಆದ್ರೆ ಹಳೇ ತುಂಡು ಎಲ್ಲುಂಟು ಅಂತ ಹೇಳುವ ಒಂದು ಲೆಕ್ಕದ ಪುಟ ಇರ್ತದಲ್ಲ, ಅದರಲ್ಲಿ ಈಗ ಹೊಸ ವಿಳಾಸ ಬರ್ಬೇಕು, ಆ ಪುಟವನ್ನೂ ತಿದ್ದುದಿಲ್ಲ, ಅದನ್ನೂ ಹೊಸ ಜಾಗದಲ್ಲಿ ಹೊಸದಾಗಿ ಬರೀತದೆ, ಆಗ ಆ ಪುಟವನ್ನು ತೋರಿಸುವ ಮೇಲಿನ ಪುಟವೂ ಹೊಸದು, ಹೀಗೆ ಮರದ ಎಲೆಯಿಂದ ಹಿಡಿದು ಬುಡದವರೆಗೆ ಹೊಸ ದಾರಿ ತಯಾರಾಗ್ತದೆ. ಕಟ್ಟಕಡೆಗೆ ಸೂಪರ್‌ಬ್ಲಾಕ್ ಅಂತ ಒಂದುಂಟು, ಡಿಸ್ಕಿನ ಶುರುವಿನಿಂದ 64 ಕೆಬಿ ದಾಟಿದ ಜಾಗದಲ್ಲಿ, ಅದರ ನಕಲು 64 ಎಂಬಿಯಲ್ಲಿ ಮತ್ತೆ ಡಿಸ್ಕ್ ದೊಡ್ಡದಿದ್ರೆ 256 ಜಿಬಿಯಲ್ಲಿ. ಯಾವಾಗಲೂ ಒಂದೇ ಜಾಗದಲ್ಲಿ ಇರುದು ಅದೊಂದೇ. ಅದರಲ್ಲಿ "ಇನ್ನು ಮುಂದೆ ಬುಡ ಇಲ್ಲಿ" ಅಂತ ಬರೆದ ಕೂಡ್ಲೇ ಹೊಸದು ಚಾಲ್ತಿಗೆ ಬಂತು. ಪೋಕುವರವು ಆಯ್ತು. ಅದಕ್ಕಿಂತ ಒಂದು ಕ್ಷಣ ಮೊದಲು ಕರೆಂಟ್ ಹೋದ್ರೂ ಹಳೇ ಮರ ಪೂರ್ತಿ, ಒಂದೆಲೆ ಉದುರದೆ ಇರ್ತದೆ.

ಇನ್ನು ನಿಮ್ಮ ಪ್ರಶ್ನೆ, ತಪ್ತಿತ್ತಾ ಅಂತ. ಹೌದು ಅಂತ ಬರೆದ್ರೆ ಸುಳ್ಳಾಗ್ತದೆ. ಈ ಪೋಕುವರವು ಆಗುದು ಮಾಮೂಲಿಗೆ 30 ಸೆಕೆಂಡಿಗೊಮ್ಮೆ (ಸಾಫ್ಟ್‌ವೇರ್ ಕೇಳಿದ್ರೆ ಅದಕ್ಕಿಂತ ಮೊದ್ಲೂ ಆಗ್ತದೆ), ಅಷ್ಟರೊಳಗೆ ಮೆಮರಿಯಲ್ಲಿ ಇದ್ದದ್ದು ಕರೆಂಟಿನ ಒಟ್ಟಿಗೇ ಹೋಗ್ತದೆ. ಆ ಒಂದು ಫೈಲ್ ಇಲ್ಲೂ ಅರ್ಧಂಬರ್ಧ ಸಿಗುವ ಸಾಧ್ಯತೆ ಉಂಟು. ಆದ್ರೆ ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಎಲ್ಲಾ ಹೇಗಿತ್ತೋ ಹಾಗೆ ಹಿಡಿದಿಡುದು) ತೆಗೆಯುವ ಹಾಗೆ ಇಟ್ಟಿದ್ರೆ ಒಂದು ಗಂಟೆ ಹಿಂದಿನ ಪ್ರಾಜೆಕ್ಟ್ ಫೈಲ್ ಹಾಗೇ ಸಿಕ್ತಿತ್ತು, ಪೂರ್ತಿ ದಿನದ ಕೆಲಸ ಹೋಗ್ತಿರ್ಲಿಲ್ಲ. ಫೈಲ್ ಸಿಸ್ಟಮ್ ಬದಲಾಯಿಸುದು ನಿಧಾನಕ್ಕೆ ಮಾಡಿ, ಯುಪಿಎಸ್ ಬ್ಯಾಟರಿ ನಾಳೆಯೇ ತನ್ನಿ.

ಪ್ರಶ್ನೆ: ನಮ್ಮ ತಂದೆಯವರು ವರ್ಷಗಟ್ಟಲೆ ಯಕ್ಷಗಾನ ಆಟ, ತಾಳಮದ್ದಳೆಯ ಕ್ಯಾಸೆಟ್ ಮಾಡಿ ಇಟ್ಟವರು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಮುಗಿಸ್ಲಿಕ್ಕೆ ನನಗೆ ಎರಡು ಮಳೆಗಾಲ ಹಿಡಿಯಿತು. ಈಗ ಕೆಲವು ಫೈಲ್ ಪ್ಲೇ ಮಾಡಿದ್ರೆ ನಡುವಲ್ಲಿ ಕರ್ ಅಂತ ಸದ್ದು ಬಂದು ಹಾರ್ತದೆ, ಹಾಕುವಾಗ ಸರಿ ಇತ್ತು. ಬ್ಯಾಕಪ್ ಡಿಸ್ಕಿನಲ್ಲೂ ಹಾಗೇ ಉಂಟು. ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿದು ಬಿಸಾಡಿ ಆಯ್ತು. ಇದಕ್ಕೆಂತ ಮಾಡುದು? (ಬಾಯಾರಿನಿಂದ)

ಉತ್ತರ: ಓದಿ ಬೇಜಾರಾಯ್ತು. ಕ್ಯಾಸೆಟಿಗೆ ಬೂಸ್ಟು ಹಿಡಿದ್ರೆ ಕಣ್ಣಿಗೆ ಕಾಣ್ತದೆ, ಡಿಸ್ಕಿನಲ್ಲಿ ಬಿಟ್ ಹಾಳಾದ್ರೆ ಕಾಣುದಿಲ್ಲ, ಡಿಸ್ಕ್ ಹಾಳಾದದ್ದನ್ನೇ ಸರಿ ಅಂತ ಕೊಡ್ತದೆ, ಎಕ್ಸ್‌ಟಿ4 ಅದನ್ನು ಹಾಗೇ ನಂಬಿ ನಿಮಗೆ ಕೊಡ್ತದೆ, ನೀವು ಅದನ್ನು ನಂಬಿ ಬ್ಯಾಕಪ್ಪಿಗೆ ಹಾಕ್ತೀರಿ, ಹಾಗೆ ಬ್ಯಾಕಪ್ಪೂ ಕೆಟ್ಟದ್ದು. ನಿಮ್ಮ ಮನೆಯಲ್ಲಿ ಆದದ್ದು ಇದೇ ಅಂತ ನನಗನ್ನಿಸ್ತದೆ.

ಈ ಹೊಸ ನಮೂನೆಯ ಫೈಲ್ ಸಿಸ್ಟಮ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆಗುದು ಸ್ನ್ಯಾಪ್‌ಶಾಟ್ ಅಲ್ಲ, ಚೆಕ್‌ಸಮ್. ಸುಳ್ಳು ಹೇಳುದಿಲ್ಲ ಅದು. ಬರೆಯುವ ಪ್ರತಿ 4 ಕೆಬಿ ತುಂಡಿಗೂ ಒಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಬೇರೆ ಕಡೆ ಬರೆದಿಡ್ತದೆ. ಅಡಿಕೆ ಚೀಲ ಕಟ್ಟಿ ತೂಕ ಬರೆದ ಚೀಟಿಯನ್ನು ಚೀಲದೊಳಗೆ ಹಾಕದೆ ಮನೆಯ ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಓದುವಾಗ ಪುನಃ ತೂಗ್ತದೆ, ತಾಳೆ ಆಗದಿದ್ರೆ ಇನ್‌ಪುಟ್ ಔಟ್‌ಪುಟ್ ಎರರ್ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತದೆ, ಕೆಟ್ಟ ಸರಕು ಕೊಡುದಿಲ್ಲ. ಮಾಮೂಲಿಗೆ ಬಳಸುದು ಸಿಆರ್‌ಸಿ32ಸಿ, ಒಂದು ತುಂಡಿಗೆ 4 ಬೈಟ್. ಒಂದು ಜಿಬಿ ಸರಕಿಗೆ ಲೆಕ್ಕ ಹಾಕಿದ್ರೆ ಒಂದು ಎಂಬಿ ಚೆಕ್‌ಸಮ್, ಇಷ್ಟು ಅಗ್ಗದ ಕಾವಲುಗಾರ ಎಲ್ಲಿ ಸಿಗ್ತಾನೆ ಹೇಳಿ.

ಆದ್ರೆ ಒಂದೇ ಡಿಸ್ಕ್ ಇದ್ರೆ ಕೆಟ್ಟಿದೆ ಅಂತ ಹೇಳ್ತದೆಯೇ ಹೊರತು ಸರಿ ಮಾಡ್ಲಿಕ್ಕೆ ಅದರ ಹತ್ತಿರ ಇನ್ನೊಂದು ಪ್ರತಿ ಇಲ್ಲ. ಎರಡು ಡಿಸ್ಕ್ ತೆಕ್ಕೊಂಡು ರೇಯ್ಡ್1 ಮಾಡಿ, ಅಂದ್ರೆ ಎಲ್ಲವನ್ನೂ ಎರಡರಲ್ಲೂ ಬರೆಯುವ ಜೋಡಣೆ. ಆಗ ಒಂದರಲ್ಲಿ ಕೆಟ್ಟದ್ದು ಸಿಕ್ಕಿದ್ರೆ ಇನ್ನೊಂದರಿಂದ ಒಳ್ಳೆದನ್ನು ಓದಿ ನಿಮಗೂ ಕೊಟ್ಟು, ಕೆಟ್ಟ ಜಾಗವನ್ನೂ ರಿಪೇರಿ ಮಾಡ್ತದೆ. ಮಾಮೂಲಿ ರೇಯ್ಡ್ ಬಾಕ್ಸಿನಲ್ಲಿ ಎರಡು ಪ್ರತಿ ಇದ್ರೂ ಎರಡರಲ್ಲಿ ಸರಿ ಯಾವುದು ಅಂತ ಅದಕ್ಕೆ ಗೊತ್ತಿರುದಿಲ್ಲ, ಇಲ್ಲಿ ಪುಸ್ತಕದಲ್ಲಿ ತೂಕ ಉಂಟಲ್ಲ, ಅದರಿಂದ ಗೊತ್ತಾಗ್ತದೆ. ತಿಂಗಳಿಗೊಮ್ಮೆ ಸ್ಕ್ರಬ್ ಅಂತ ಒಂದು ಕಮಾಂಡ್ ಓಡಿಸಿ, ಅದು ಎಲ್ಲಾ ಚೀಲ ಇಳಿಸಿ ತೂಗಿ ನೋಡ್ತದೆ. ಯಾರೂ ಕೇಳದ ಪ್ರಸಂಗ ಹತ್ತು ವರ್ಷ ಹಾಗೇ ಬಿದ್ದಿರ್ತದೆ, ಕೆಟ್ಟದ್ದು ಗೊತ್ತಾಗುದು ಕೇಳ್ಲಿಕ್ಕೆ ಕೂತಾಗ, ಅದಕ್ಕೆ ಈ ಸ್ಕ್ರಬ್ ಬೇಕೇ ಬೇಕು.

ಎರಡು ಡಿಸ್ಕ್ ಒಂದೇ ಕೋಣೆಯಲ್ಲಿದ್ರೆ ಸಿಡಿಲು ಎರಡಕ್ಕೂ ಒಟ್ಟಿಗೇ ಹೊಡೀತದೆ, ತುಲಾ ತಿಂಗಳಲ್ಲಿ ನಮ್ಮ ಕಡೆ ಎಷ್ಟು ಮೋಡೆಮ್ ಸುಟ್ಟಿದೆ ಅಂತ ನಿಮಗೇ ಗೊತ್ತುಂಟು. ಮೂರನೇ ಪ್ರತಿ ತಂಗಿ ಮನೆಯಲ್ಲೋ ಭಾವನ ಮನೆಯಲ್ಲೋ ಇರ್ಲಿ. ಸೆಂಡ್ ಮತ್ತೆ ರಿಸೀವ್ ಅಂತ ಎರಡು ಕಮಾಂಡ್ ಉಂಟು, ಹೋದ ತಿಂಗಳ ಸ್ನ್ಯಾಪ್‌ಶಾಟಿಗೂ ಈ ತಿಂಗಳದ್ದಕ್ಕೂ ವ್ಯತ್ಯಾಸ ಎಷ್ಟೋ ಅಷ್ಟನ್ನೇ ಆ ಡಿಸ್ಕಿಗೆ ಕಳಿಸ್ತದೆ, ಪ್ರತಿ ಸಲ ಪೂರ್ತಿ ಕಾಪಿ ಮಾಡಿ ಕೂರ್ಬೇಕು ಅಂತಿಲ್ಲ.

ಇನ್ನೊಂದು, ನೀವು ಪ್ರಸಂಗಗಳನ್ನು ಟೈಪ್ ಮಾಡಿ ಇಡ್ತಾ ಇದ್ದೀರಿ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಅದಕ್ಕೆ ಝಡ್‌ಎಸ್‌ಟಿಡಿ ಕಂಪ್ರೆಷನ್ ಆನ್ ಮಾಡಿ (2017ರ ಕೊನೆಗೆ ಬಂದ 4.14 ಕರ್ನಲ್‌ನಿಂದ ಉಂಟು, ಕರ್ನಲ್ ಅಂದ್ರೆ ಲಿನಕ್ಸಿನ ತಿರುಳು). ಎಂಪಿ3 ಹಾಡಿಗೆ ಇದರಿಂದ ಎಂತದೂ ಲಾಭ ಇಲ್ಲ, ಅದು ಮೊದ್ಲೇ ಹಿಂಡಿದ್ದು. ಆದ್ರೆ ಕನ್ನಡ ಪಠ್ಯ ಚೆನ್ನಾಗಿ ಕುಗ್ಗುತ್ತದೆ. ಯಾಕಂದ್ರೆ ಯುಟಿಎಫ್8ನಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಒಂದೊಂದು ಕೊಂಬು ಗುಣಿತಕ್ಕೂ 3 ಬೈಟ್ ಬೇಕು, ಅದರಲ್ಲಿ ಮೊದಲ ಬೈಟ್ ಇಡೀ ಕನ್ನಡಕ್ಕೆ ಒಂದೇ, ಎರಡನೇದು ಎರಡೇ ಬಗೆ, ನಿಜವಾಗಿ ಬದಲಾಗುದು ಮೂರನೇದು ಮಾತ್ರ. ಕುಗ್ಗಿಸುವ ಸಾಫ್ಟ್‌ವೇರಿಗೆ ಇದು ಹಬ್ಬದೂಟ.

ಕೆಟ್ಟುಹೋದ ಆ ಫೈಲ್‌ಗಳಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಊರಲ್ಲಿ ಅದೇ ಆಟದ ಕ್ಯಾಸೆಟ್ ಇಟ್ಟವರು ಇನ್ನೊಬ್ಬರು ಇದ್ದೇ ಇರ್ತಾರೆ, ಕೇಳಿ ನೋಡಿ.

ಪ್ರಶ್ನೆ: ನಾನು ಬದಿಯಡ್ಕ ಹತ್ತಿರದ ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಐಟಿ ಲ್ಯಾಬ್ ನೋಡ್ಕೊಳ್ಳುವ ಟೀಚರ್. ಎಂಟನೇ ಕ್ಲಾಸಿನವರು ಒಂದು ಪೀರಿಯಡ್ ಬಂದು ಹೋದ್ರೆ ಸಾಕು, ಪ್ಯಾನೆಲ್ ಇರುದಿಲ್ಲ, ಭಾಷೆ ಬದಲಾಗಿರ್ತದೆ, ಒಮ್ಮೆ ಯಾರೋ ಪೈಥಾನನ್ನೇ ತೆಗೆದು ಹಾಕಿದ್ರು, ಅದರೊಟ್ಟಿಗೆ ಡೆಸ್ಕ್‌ಟಾಪ್ ಪೂರ್ತಿ ಹೋಯ್ತು. ಸ್ನ್ಯಾಪ್‌ಶಾಟಲ್ಲಿ ಇದನ್ನು ಹಿಂದಕ್ಕೆ ತರ್ಲಿಕ್ಕೆ ಆಗ್ತದಾ?

ಉತ್ತರ: ಟೀಚರೇ, ಪೈಥಾನ್ ತೆಗೆದ ಆ ಹುಡುಗನನ್ನು ಬೈಬೇಡಿ, ಮುಂದೆ ಅವನೇ ನಿಮ್ಮ ಲ್ಯಾಬ್ ರಿಪೇರಿ ಮಾಡ್ಲಿಕ್ಕೆ ಬರುದು. ಉಬುಂಟುವಿನಲ್ಲಿ ಎಷ್ಟೋ ಭಾಗ ಪೈಥಾನ್ ಮೇಲೆ ನಿಂತಿದೆ, ಅದನ್ನು ಎಳೆದ್ರೆ ಒಟ್ಟಿಗೆ ಎಲ್ಲಾ ಬರ್ತದೆ, ಎಲ್ಲರೂ ಒಮ್ಮೆ ಮಾಡುವ ತಪ್ಪೇ.

ಆಗ್ತದೆ, ಚಂದಕ್ಕೆ ಆಗ್ತದೆ. ಬಿಟಿಆರ್‌ಎಫ್‌ಎಸ್‌ನಲ್ಲಿ ಸಬ್‌ವಾಲ್ಯೂಮ್ ಅಂತ ಮಾಡ್ಲಿಕ್ಕುಂಟು, ನೋಡ್ಲಿಕ್ಕೆ ಫೋಲ್ಡರಿನ ಹಾಗೆಯೇ ಇರ್ತದೆ, ಆದ್ರೆ ಅದಕ್ಕೆ ಬೇರೆಯೇ ಮರ. ಸ್ನ್ಯಾಪ್‌ಶಾಟ್ ಅಂದ್ರೆ ಆ ಮರದ ಬುಡಕ್ಕೆ ಇನ್ನೊಂದು ಹೆಸರು ಕೊಡುದು, ಅಷ್ಟೇ. ಸರಕು ಒಂದೂ ಕಾಪಿ ಆಗುದಿಲ್ಲ, ಅದಕ್ಕೇ 40 ಜಿಬಿ ಇದ್ರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗೀತದೆ. ಆಮೇಲೆ ಮಕ್ಕಳು ಎಂತ ಬದಲು ಮಾಡಿದ್ರೂ ಅದು ಹೊಸ ಜಾಗಕ್ಕೆ ಹೋಗ್ತದೆ, ಹಳೇ ಬುಡ ಹಿಡಿದು ಹೋದ್ರೆ ಹಳೆದು ಹಾಗೇ ಉಂಟು. 2 ಜಿಬಿ ಬದಲಾದ್ರೆ ಒಟ್ಟು 42 ಜಿಬಿ ಹಿಡೀತದೆ, 80 ಅಲ್ಲ.

ಟೈಮ್‌ಶಿಫ್ಟ್ ಅನ್ನುವ ಸಾಫ್ಟ್‌ವೇರ್ ಹಾಕಿ, ಮೌಸಲ್ಲೇ ಎಲ್ಲಾ ಮಾಡ್ಬಹುದು. ಹಾಕುವಾಗ ಒಂದು ಗಮನಿಸಿ, ಸಿಸ್ಟಮಿಗೆ ಒಂದು ಸಬ್‌ವಾಲ್ಯೂಮ್, ಹೋಮಿಗೆ ಒಂದು ಬೇರೆಯೇ ಇರ್ಬೇಕು. ಆಗ ಸಿಸ್ಟಮನ್ನು ಹಿಂದಕ್ಕೆ ತಂದ್ರೂ ಮಕ್ಕಳು ಮಾಡಿದ ಚಿತ್ರ, ಪ್ರಾಜೆಕ್ಟ್ ಹೋಗುದಿಲ್ಲ. ಉಬುಂಟು ಜಾತಿಯ ಕೆಲವದರಲ್ಲಿ ಇನ್‌ಸ್ಟಾಲ್ ಮಾಡುವಾಗ ಬಿಟಿಆರ್‌ಎಫ್‌ಎಸ್ ಆರಿಸಿದ್ರೆ ಅದೇ ಹಾಗೆ ಮಾಡಿ ಕೊಡುದು, ಎಲ್ಲದರಲ್ಲೂ ಅಲ್ಲ, ಟೈಮ್‌ಶಿಫ್ಟಿಗೂ ಬೇಕಾದ್ದು ಅದೇ ಹೆಸರಿನ ಸಬ್‌ವಾಲ್ಯೂಮ್‌ಗಳು. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸಿನಲ್ಲಿ ಹೆಸರು ಬೇರೆ, ಅಲ್ಲಿ ಟೈಮ್‌ಶಿಫ್ಟ್ ಹಠ ಮಾಡ್ತದೆ.

ಆದ್ರೆ ನಿಮ್ಮ ಲ್ಯಾಬಿನಲ್ಲಿರುದು ಕೈಟ್‌ನಿಂದ (ಕೇರಳದ ಶಾಲೆಗಳ ಐಟಿ ನೋಡ್ಕೊಳ್ಳುವ ಸರಕಾರಿ ಸಂಸ್ಥೆ) ಬಂದ ಉಬುಂಟು ಜಾತಿಯ ಲಿನಕ್ಸ್, ಪರೀಕ್ಷೆಯೂ ಅದರಲ್ಲೇ ಆಗುದು. ಅದನ್ನು ನನ್ನ ಅಂಕಣ ಓದಿ ಫಾರ್ಮ್ಯಾಟ್ ಮಾಡ್ಬೇಡಿ ದಮ್ಮಯ್ಯ. ಕೇಳಿ, ಒಪ್ಪಿದ್ರೆ ಒಂದು ಹಳೇ ಮೆಷಿನಲ್ಲಿ ಮಾಡಿ ನೋಡಿ. ಎಕ್ಸ್‌ಟಿ4 ಇದ್ರೂ ಟೈಮ್‌ಶಿಫ್ಟ್ ಕೆಲಸ ಮಾಡ್ತದೆ, ಆರ್‌ಸಿಂಕ್ ವಿಧಾನದಲ್ಲಿ, ಮೊದಲ ಸಲ ಪೂರ್ತಿ ಕಾಪಿ ಮಾಡ್ಬೇಕಾಗ್ತದೆ, ಸ್ವಲ್ಪ ನಿಧಾನ, ಜಾಗವೂ ಹೆಚ್ಚು, ಆದ್ರೆ ಫಾರ್ಮ್ಯಾಟ್ ಬೇಡ. ನಿಮಗೆ ಸದ್ಯಕ್ಕೆ ಅದೇ ಸಾಕು.

ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸಿನ ಮಕ್ಕಳಿಗೆ ತೋರಿಸ್ಲಿಕ್ಕೆ ಆದ್ರೆ ಒಂದು ಪೆನ್‌ಡ್ರೈವನ್ನು ಬಿಟಿಆರ್‌ಎಫ್‌ಎಸ್ ಮಾಡಿ, ಒಂದು ಪದ್ಯ ಟೈಪ್ ಮಾಡಿ ಅದರಲ್ಲಿಡಿ, ಸ್ನ್ಯಾಪ್‌ಶಾಟ್ ತೆಗೀರಿ, ಪದ್ಯವನ್ನು ಅಳಿಸ್ಲಿಕ್ಕೆ ಮಕ್ಕಳಿಗೇ ಹೇಳಿ, ಆಮೇಲೆ ಸ್ನ್ಯಾಪ್‌ಶಾಟಿನ ಫೋಲ್ಡರ್ ತೆರೆದು ಅದೇ ಪದ್ಯ ತೋರಿಸಿ. ಆ ಪೆನ್‌ಡ್ರೈವ್ ಮನೆಯ ವಿಂಡೋಸಿಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತದೆ, ಹೌದು ಒತ್ಬೇಡಿ ಅಂತಲೂ ಹೇಳಿಕೊಡಿ.

ಪ್ರಶ್ನೆ: ನಮ್ಮದು ಮುಳ್ಳೇರಿಯದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ. ಮಗ ಈ ಬಿಟಿಆರ್‌ಎಫ್‌ಎಸ್ ಹಾಕಿ ಕೊಟ್ಟು ಬೆಂಗಳೂರಿಗೆ ಹೋದ. ಈಗ ಡಿಸ್ಕ್ ಫುಲ್ ಅಂತ ಬರ್ತದೆ. 80 ಜಿಬಿ ಹಳೇ ಸ್ಕ್ಯಾನ್ ಎಲ್ಲಾ ಡಿಲೀಟ್ ಮಾಡಿದೆ, ಟ್ರಾಶ್ ಕೂಡ ಖಾಲಿ ಮಾಡಿದೆ, ಒಂದು ಎಂಬಿ ಕೂಡ ಹೆಚ್ಚಾಗ್ಲಿಲ್ಲ. ದೆವ್ವ ಗಿವ್ವ ಹಿಡಿದಿದೆಯಾ?

ಉತ್ತರ: ದೆವ್ವ ಅಲ್ಲ, ಮಗ ಆಟೋಮ್ಯಾಟಿಕ್ ಸ್ನ್ಯಾಪ್‌ಶಾಟ್ ಇಟ್ಟು ಹೋಗಿದ್ದಾನೆ. ಮೇಲಿನ ಆಧಾರದ ಕಥೆ ಓದಿದ್ರೆ ಅರ್ಥ ಆಗ್ತದೆ, ನೀವು ಚಾಲ್ತಿಯ ದಾಖಲೆಯಿಂದ ಹೆಸರು ತೆಗೆದ್ರಿ, ಮುನ್ನಾಧಾರಗಳು ಪೆಟ್ಟಿಗೆಯಲ್ಲಿ ಇನ್ನೂ ಉಂಟಲ್ಲ. ಒಂದು ತುಂಡನ್ನು ಯಾವುದಾದ್ರೂ ಒಂದು ಸ್ನ್ಯಾಪ್‌ಶಾಟ್ ಹಿಡ್ಕೊಂಡಿದ್ರೂ ಆ ಜಾಗ ಬಿಡುಗಡೆ ಆಗುದಿಲ್ಲ. ಹಳೇ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ. ಅಳಿಸಿದ ಕೂಡ್ಲೇ ಜಾಗ ಬರ್ಲಿಲ್ಲ ಅಂತ ಗಾಬರಿ ಬೇಡ, ಹಿಂದಿನಿಂದ ನಿಧಾನಕ್ಕೆ ಗುಡಿಸ್ತಾ ಇರ್ತದೆ, ಒಂದು ಚಾಯ ಕುಡಿದು ಬಂದು ನೋಡಿ.

ಅದರಲ್ಲೂ ಆಗ್ಲಿಲ್ಲ ಅಂದ್ರೆ ಇನ್ನೊಂದು ತಾಪತ್ರಯ ಉಂಟು, ಇದರ ಅತಿ ಹೆಚ್ಚು ಬೈಗುಳ ತಿಂದ ಗುಣ ಅದು. ಈ ಫೈಲ್ ಸಿಸ್ಟಮ್ ಡಿಸ್ಕನ್ನು ಮೊದ್ಲು ದೊಡ್ಡ ದೊಡ್ಡ ಗದ್ದೆ ಮಾಡ್ಕೊಳ್ತದೆ, ಸರಕಿಗೆ ಸಾಧಾರಣ ಒಂದೊಂದು ಜಿಬಿಯ ಗದ್ದೆ, ಲೆಕ್ಕದ ಪುಟಗಳಿಗೆ ಬೇರೆ ಗದ್ದೆ. ಎಲ್ಲಾ ಜಾಗ ಸರಕಿನ ಗದ್ದೆಯಾಗಿ ಹೋಗಿ, ಅವು ಅರ್ಧರ್ಧ ಖಾಲಿ ಇದ್ರೂ, ಲೆಕ್ಕದ ಪುಟಕ್ಕೆ ಹೊಸ ಗದ್ದೆ ಸಿಗದಿದ್ರೆ ಜಾಗ ಇಲ್ಲ ಅಂತ ಹೇಳಿ ಕೂತುಬಿಡ್ತದೆ. ಮಾಮೂಲಿ ಡಿಎಫ್ ಕಮಾಂಡ್ ಜಾಗ ಉಂಟು ಅಂತ ತೋರಿಸ್ತಾ ಇರ್ತದೆ, ಇದು ಇಲ್ಲ ಅಂತ ಹೇಳ್ತಾ ಇರ್ತದೆ. ಆಗ ಡಿಎಫ್ ಬಿಟ್ಟು ಇದರದ್ದೇ ಫೈಲ್‌ಸಿಸ್ಟಮ್ ಯೂಸೇಜ್ ಕಮಾಂಡಲ್ಲಿ ನೋಡ್ಬೇಕು, ಮತ್ತೆ ಬ್ಯಾಲೆನ್ಸ್ ಕಮಾಂಡಲ್ಲಿ ಹತ್ತು ಶೇಕಡಾಕ್ಕಿಂತ ಕಡಿಮೆ ತುಂಬಿದ ಗದ್ದೆ ಮಾತ್ರ ಒಟ್ಟುಗೂಡಿಸು ಅಂತ ಹೇಳ್ಬೇಕು. ಪೂರ್ತಿ ಬ್ಯಾಲೆನ್ಸ್ ಓಡಿಸ್ಬೇಡಿ, ಅಂಗಡಿಯನ್ನು ಒಂದು ದಿನ ಬಂದ್ ಮಾಡ್ಬೇಕಾದೀತು. ಇಷ್ಟು ಓದಿ ತಲೆ ತಿರುಗಿದ್ರೆ ಮಗನಿಗೆ ಫೋನ್ ಮಾಡಿ ಈ ಪ್ಯಾರಾ ಓದಿ ಹೇಳಿ, ಅವನಿಗೆ ಅರ್ಥ ಆಗ್ತದೆ. ಡಿಸ್ಕಲ್ಲಿ ಯಾವಾಗಲೂ ಹತ್ತು ಹದಿನೈದು ಶೇಕಡಾ ಖಾಲಿ ಇಟ್ಕೊಳ್ಳಿ. ಹಳೆದರ ಮೇಲೆ ಬರೆಯದೆ ಹೊಸ ಜಾಗ ಹುಡುಕುವ ಜಾತಿಯಲ್ವಾ, ಅಳಿಸ್ಲಿಕ್ಕೂ ಸ್ವಲ್ಪ ಹೊಸ ಜಾಗ ಬೇಕು ಅದಕ್ಕೆ.

ಪ್ರಶ್ನೆ: ನಾನು ಪೆರ್ಲದವ, ಇಂಜಿನಿಯರಿಂಗ್ ಮೂರನೇ ವರ್ಷ. ಇದನ್ನು ಯಾರು ಯಾವಾಗ ಮಾಡಿದ್ದು? ಝಡ್‌ಎಫ್‌ಎಸ್ ಇರುವಾಗ ಇದೆಂತಕ್ಕೆ? ಬೀಕ್ಯಾಶ್‌ಎಫ್‌ಎಸ್ ಇದಕ್ಕಿಂತ ಒಳ್ಳೆದು ಅಂತ ಹಾಸ್ಟೆಲಲ್ಲಿ ಒಬ್ಬ ವಾದ ಮಾಡ್ತಾನೆ.

ಉತ್ತರ: ಝಡ್‌ಎಫ್‌ಎಸ್ ಕೂಡ ಕಾಪಿ ಆನ್ ರೈಟ್ ಜಾತಿಯ ಫೈಲ್ ಸಿಸ್ಟಮೇ, ಅದು ಮೊದ್ಲು ಬಂದದ್ದು ಹೌದು. ಸನ್ ಮೈಕ್ರೋಸಿಸ್ಟಮ್ಸಿನಲ್ಲಿ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಅಹ್ರೆನ್ಸ್ ಇವರೆಲ್ಲ 2001ರಲ್ಲಿ ಶುರು ಮಾಡಿ 2005ರಲ್ಲಿ ಅದರ ಸೋರ್ಸ್ ಹೊರಗೆ ಬಂತು. ಲಿನಕ್ಸಿನವರು ಅದನ್ನೇ ತೆಕ್ಕೊಳ್ಬಹುದಿತ್ತಲ್ಲ ಅಂದ್ರೆ, ಲೈಸೆನ್ಸ್ ತಕರಾರು. ಅದು ಸಿಡಿಡಿಎಲ್, ಲಿನಕ್ಸ್ ಕರ್ನಲ್ ಜಿಪಿಎಲ್, ಎರಡಕ್ಕೂ ಜಾತಕ ಕೂಡಿಬರುದಿಲ್ಲ ಅಂತ ಹೆಚ್ಚಿನವರ ಅಭಿಪ್ರಾಯ, ಉಬುಂಟುವಿನವರು ಮಾತ್ರ 2016ರಲ್ಲಿ ಪರವಾಗಿಲ್ಲ ಅಂತ ಹೇಳಿ ಒಟ್ಟಿಗೇ ಕೊಟ್ರು. ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮಿಗೆ ಆ ತೊಂದರೆ ಇಲ್ಲ, ಅಲ್ಲಿ 2008ರ 7.0 ಆವೃತ್ತಿಯಲ್ಲೇ ಬಂದಾಗಿತ್ತು.

ಹಾಗಾಗಿ ಲಿನಕ್ಸಿಗೆ ತನ್ನದೇ ಒಂದು ಬೇಕಾಯ್ತು. ಐಬಿಎಂನ ಓಹದ್ ರೋಡೆ ಅನ್ನುವವರು 2007ರಲ್ಲಿ ಬೀ ಟ್ರೀಯನ್ನು (ಮೇಲೆ ಹೇಳಿದ ಲೆಕ್ಕದ ಪುಟಗಳ ಮರ) ಕಾಪಿ ಆನ್ ರೈಟಿಗೆ ಒಗ್ಗುವ ಹಾಗೆ ಹೇಗೆ ಬದಲು ಮಾಡುದು ಅಂತ ತೋರಿಸಿದ್ರು, ಆಗ ಒರಾಕಲಲ್ಲಿ ಇದ್ದ ಕ್ರಿಸ್ ಮೇಸನ್ ಅದನ್ನು ಹಿಡಿದು ಅದೇ ವರ್ಷ ಬಿಟಿಆರ್‌ಎಫ್‌ಎಸ್ ಶುರು ಮಾಡಿದ್ರು. 2009ರಲ್ಲಿ 2.6.29 ಕರ್ನಲ್ ಒಳಗೆ ಸೇರಿತು. ತಮಾಷೆ ಎಂತ ಅಂದ್ರೆ 2010ರಲ್ಲಿ ಒರಾಕಲ್ ಸನ್ ಕಂಪನಿಯನ್ನೇ ಖರೀದಿ ಮಾಡ್ತು, ಹಾಗೆ ಝಡ್‌ಎಫ್‌ಎಸ್ ಮತ್ತೆ ಅದರ ಎದುರಾಳಿ ಹುಟ್ಟಿದ ಮನೆ ಎರಡೂ ಒಂದೇ ಆಯ್ತು. ಮೇಸನ್ ಆಮೇಲೆ ಫೇಸ್‌ಬುಕ್ಕಿಗೆ ಹೋದ್ರು, ಅಲ್ಲಿ ಇದನ್ನು ಭರ್ಜರಿಯಾಗಿ ಬಳಸ್ತಾರೆ. ಓಪನ್ ಸೂಸೆ 2014ರಿಂದ ಮಾಮೂಲಿಗೆ ಇದನ್ನೇ ಹಾಕುದು, ಫೆಡೋರಾ ವರ್ಕ್‌ಸ್ಟೇಷನ್ 2020ರಲ್ಲಿ 33ನೇ ಆವೃತ್ತಿಯಿಂದ. ಅದೇ ರೆಡ್ ಹ್ಯಾಟ್ ಕಂಪನಿ 2017ರಲ್ಲಿ ನಮಗೆ ಬೇಡ ಅಂತ ಹೇಳಿ ತನ್ನ ಲಿನಕ್ಸಿನ 8ನೇ ಆವೃತ್ತಿಯಲ್ಲಿ ತೆಗೆದೇ ಹಾಕಿತು. ಒಂದೇ ಸೊಸೆ, ಒಂದು ಮನೆಯಲ್ಲಿ ಚಿನ್ನ, ಇನ್ನೊಂದು ಮನೆಯಲ್ಲಿ ಬೇಡ.

ನಿನ್ನ ಹಾಸ್ಟೆಲ್ ಗೆಳೆಯ ಹೇಳಿದ ಬೀಕ್ಯಾಶ್‌ಎಫ್‌ಎಸ್ ಕೆಂಟ್ ಓವರ್‌ಸ್ಟ್ರೀಟ್ ಅವರದ್ದು, ತಂತ್ರದಲ್ಲಿ ಚುರುಕೇ. 2024 ಜನವರಿಯಲ್ಲಿ 6.7ರಲ್ಲಿ ಕರ್ನಲ್ ಒಳಗೆ ಬಂತು, ಕೆಲಸದ ಪದ್ಧತಿ ಬಗ್ಗೆ ಲಿನಕ್ಸ್ ಶುರು ಮಾಡಿದ ಲೈನಸ್ ಟೋರ್ವಾಲ್ಡ್ಸ್ ಜೊತೆ ಜಟಾಪಟಿ ಆಗಿ 2025ರಲ್ಲಿ ಹೊರಗೂ ಹೋಯ್ತು, ಈಗ ಬೇರೆಯಾಗಿ ಹಾಕ್ಕೊಳ್ಬೇಕು. ಪ್ರಯೋಗಕ್ಕೆ ಇರ್ಲಿ, ಪ್ರಾಜೆಕ್ಟ್ ರಿಪೋರ್ಟ್ ಅದರಲ್ಲಿಡ್ಬೇಡ. ನನ್ನ ಲೆಕ್ಕ ಸಿಂಪಲ್, ಡಿಸ್ಕ್ ನಾಲ್ಕೈದು ಇದ್ದು ದೊಡ್ಡ ಸರ್ವರ್ ಆದ್ರೆ ಝಡ್‌ಎಫ್‌ಎಸ್, ಮನೆಯ ಒಂದೆರಡು ಡಿಸ್ಕಿಗೆ ಬಿಟಿಆರ್‌ಎಫ್‌ಎಸ್.

ಚುಟುಕು ಪ್ರಶ್ನೆಗಳು

ಮೂರು ಡಿಸ್ಕ್ ಉಂಟು, ಬಿಟಿಆರ್‌ಎಫ್‌ಎಸ್‌ನಲ್ಲಿ ರೇಯ್ಡ್5 ಮಾಡ್ಲಾ? (ಕುಂಬಳೆ) ಬೇಡ. ಬರೆಯುವಾಗ ಕರೆಂಟ್ ಹೋದ್ರೆ ಲೆಕ್ಕ ತಪ್ಪುವ ತೂತು ಅದರಲ್ಲಿ ಇನ್ನೂ ಉಂಟು. ಮೂರು ಡಿಸ್ಕಲ್ಲೂ ರೇಯ್ಡ್1 ಮಾಡ್ಬಹುದು, ಪ್ರತಿ ತುಂಡಿಗೂ ಯಾವುದಾದ್ರೂ ಎರಡರಲ್ಲಿ ಪ್ರತಿ ಇರ್ತದೆ.

ವರ್ಚುವಲ್ ಮೆಷಿನ್ ಭಯಂಕರ ನಿಧಾನ ಆಗಿದೆ. (ಕಾಸರಗೋಡು) ಒಂದೇ ದೊಡ್ಡ ಫೈಲಿನ ಒಳಗೆ ಅಲ್ಲಲ್ಲಿ ಬರೀತಾ ಇದ್ರೆ ಪ್ರತಿ ಸಲ ಹೊಸ ಜಾಗ, ಕೊನೆಗೆ ಫೈಲ್ ಚೂರು ಚೂರು. ಒಂದು ಖಾಲಿ ಫೋಲ್ಡರಿಗೆ ಚ್ಯಾಟರ್ ಕಮಾಂಡಲ್ಲಿ ಪ್ಲಸ್ ಜೊತೆ ದೊಡ್ಡ ಸಿ (+C) ಹಾಕಿ, ಅಲ್ಲಿ ಕಾಪಿ ಆನ್ ರೈಟ್ ನಿಲ್ತದೆ, ಆಮೇಲೆ ಫೈಲನ್ನು ಅದರೊಳಗೆ ಹೊಸದಾಗಿ ಕಾಪಿ ಮಾಡಿ. ಆದ್ರೆ ಅದಕ್ಕೆ ಚೆಕ್‌ಸಮ್ ಕಾವಲು ಇರುದಿಲ್ಲ. ಡಿಫ್ರಾಗ್ ಮಾಡ್ಲಿಕ್ಕೆ ಹೊರಟ್ರೆ ಜೋಕೆ, ಸ್ನ್ಯಾಪ್‌ಶಾಟಿನ ಜೊತೆ ಹಂಚಿಕೊಂಡದ್ದು ಬೇರೆ ಬೇರೆ ಆಗಿ ಜಾಗ ಉಬ್ಬುತ್ತದೆ.

ಮೊಬೈಲಲ್ಲಿ ಇಂಥದ್ದು ಉಂಟಾ? (ನೀರ್ಚಾಲು) ಐಫೋನಲ್ಲಿ 2017ರಿಂದ ಉಂಟು, ಎಪಿಎಫ್‌ಎಸ್ ಅಂತ ಹೆಸರು, ಅದೂ ಕಾಪಿ ಆನ್ ರೈಟೇ. ಆಂಡ್ರಾಯ್ಡಲ್ಲಿ ಹೆಚ್ಚಾಗಿ ಎಕ್ಸ್‌ಟಿ4 ಅಥವಾ ಎಫ್2ಎಫ್‌ಎಸ್.

ಪ್ರಶ್ನೆ: ಎಲ್ಲರಿಗೂ ಉಪದೇಶ ಮಾಡ್ತೀರಿ, ನಿಮ್ಮ ಸ್ವಂತ ಡೇಟಾ ಇದರಲ್ಲಿ ಯಾವಾಗಾದ್ರೂ ಹೋದದ್ದುಂಟಾ? ನಿಜ ಹೇಳಿ. (ಮಂಜೇಶ್ವರದಿಂದ, ಹೆಸರು ಹಾಕ್ಬೇಡಿ ಅಂತ ಬರೆದಿದ್ದಾರೆ)

ಉತ್ತರ: ಹೋದದ್ದುಂಟು. ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಯುಎಸ್‌ಬಿ ಡಿಸ್ಕ್ ಬಾಕ್ಸ್ ತಂದಿದ್ದೆ. ಈ ಫೈಲ್ ಸಿಸ್ಟಮ್ ಪೋಕುವರವು ಮಾಡುವ ಮೊದಲು ಡಿಸ್ಕಿನ ಹತ್ತಿರ "ಮೊದಲಿನದ್ದೆಲ್ಲ ಬರೆದಾಯ್ತಾ" ಅಂತ ಕೇಳ್ತದೆ, ಆಯ್ತು ಅಂದ ಮೇಲೆಯೇ ಸೂಪರ್‌ಬ್ಲಾಕ್ ಬದಲಾಯಿಸುದು. ನನ್ನ ಆ ಬಾಕ್ಸ್ ಬರೆಯದೆಯೇ ಆಯ್ತು ಅಂತ ಹೇಳುವ ಜಾತಿ. ಒಂದು ರಾತ್ರಿ ಮಳೆಗೆ ಕರೆಂಟ್ ಹೋಯ್ತು, ಬಂದ ಮೇಲೆ ನೋಡಿದ್ರೆ ಸೂಪರ್‌ಬ್ಲಾಕ್ ತೋರಿಸುವ ಜಾಗದಲ್ಲಿ ಹೊಸ ಬುಡವೇ ಇಲ್ಲ. ಪೇರೆಂಟ್ ಟ್ರಾನ್ಸ್‌ಐಡಿ ವೆರಿಫೈ ಫೇಲ್ಡ್ ಅಂತ ಒಂದು ಸಾಲು ಬಂತು, ಇದನ್ನು ಕಂಡವರಿಗೆ ಹೊಟ್ಟೆಯಲ್ಲಿ ಎಂತ ಆಗ್ತದೆ ಅಂತ ಗೊತ್ತಿರ್ತದೆ.

ಅಲ್ಲಿಗೆ ಕೈ ಕಟ್ಟಿ ಕೂತಿದ್ರೆ ಹೆಚ್ಚಿನದ್ದು ಸಿಕ್ತಿತ್ತು. ನಾನು ರಾತ್ರಿ ಹನ್ನೆರಡೂವರೆಗೆ, ನಿದ್ದೆಗಣ್ಣಲ್ಲಿ, ಚೆಕ್ ಕಮಾಂಡಿಗೆ ರಿಪೇರ್ ಸೇರಿಸಿ ಒತ್ತಿದೆ. ಅಪಾಯ ಅಂತ ಎಚ್ಚರಿಕೆ ಕೊಟ್ಟು ಹತ್ತು ಸೆಕೆಂಡ್ ಕಾಯ್ತದೆ ಅದು, ಆ ಹತ್ತು ಸೆಕೆಂಡಲ್ಲಿ ನಾನು ಆಕಳಿಸ್ತಾ ಇದ್ದೆ. ಬೆಳಿಗ್ಗೆ ಎದ್ದಾಗ ಇದ್ದದ್ದೂ ಚೆಲ್ಲಾಪಿಲ್ಲಿ. ವಿಂಡೋಸಿನ ಚೆಕ್ ಡಿಸ್ಕ್ ಹಾಗೆ ಅದು ಮೊದಲ ಮದ್ದು ಅಂದ್ಕೊಂಡಿದ್ದೆ, ಇಲ್ಲಿ ಅದು ಕಟ್ಟಕಡೆಯ ಮದ್ದು, ಬಲ್ಲವರು ಹೇಳಿದ ಮೇಲೆ ಮಾತ್ರ. ಮೊದ್ಲು ರೀಡ್ ಓನ್ಲಿಯಾಗಿ, ಹಳೇ ಬುಡ ಹಿಡಿದು ಮೌಂಟ್ ಮಾಡುವ ರೆಸ್ಕ್ಯೂ ಆಪ್ಷನ್ ನೋಡ್ಬೇಕು. ಅದೂ ಆಗದಿದ್ರೆ ಬಿಟಿಆರ್‌ಎಫ್‌ಎಸ್ ರಿಸ್ಟೋರ್ ಅಂತ ಉಂಟು, ಕೆಟ್ಟ ಡಿಸ್ಕಿಗೆ ಒಂದಕ್ಷರ ಬರೆಯದೆ ಸಿಕ್ಕಿದ ಫೈಲನ್ನು ಬೇರೆ ಡಿಸ್ಕಿಗೆ ಎತ್ತಿ ಹಾಕ್ತದೆ.

ಫೋಟೋಗಳ ಇನ್ನೊಂದು ಪ್ರತಿ ಅತ್ತೆ ಮನೆಯಲ್ಲಿ ಇತ್ತು, ಅದು ಬಂತು. ಎರಡು ವರ್ಷದ ಅಡಿಕೆ ಲೆಕ್ಕದ ಫೈಲ್ ಇರ್ಲಿಲ್ಲ, ಅದನ್ನು ಅಂಗಡಿಯವರ ಚೀಟಿ ನೋಡಿ ಪುನಃ ಟೈಪ್ ಮಾಡಿದೆ. ಈಗಲೂ ಬಿಟಿಆರ್‌ಎಫ್‌ಎಸ್ಸೇ ಉಂಟು, ಎರಡು ಡಿಸ್ಕು, ರೇಯ್ಡ್1, ಎರಡೂ ಮದರ್‌ಬೋರ್ಡಿಗೇ ನೇರ ಸಿಕ್ಕಿಸಿದ್ದು. ಆ ಯುಎಸ್‌ಬಿ ಬಾಕ್ಸನ್ನು ಮೊಮ್ಮಗ ಬಿಚ್ಚಿ ಅದರ ಸ್ಕ್ರೂ ಎಲ್ಲಾ ಸೈಕಲಿಗೆ ಹಾಕ್ಕೊಂಡ.